ಹಳೇ ಫ್ರಿಜ್ಜಿಗೊಂದು ಸೋಡಾ ನಲ್ಲಿ

ಸಾಗರದ ಕಡೆ ಮನೆಗೆ ಬಂದವರಿಗೆ ಕೈಕಾಲಿಗೆ ನೀರು ಕೊಟ್ಟ ಮೇಲೆ ಕೇಳುವ ಮಾತು, ‘ಆಸರಿಗೆ ಏನು ಬೇಕು?’ ಏಪ್ರಿಲ್–ಮೇ ಬಂತೆಂದರೆ ಉತ್ತರ ಹೆಚ್ಚಾಗಿ ಮುರುಗಲು ಹಣ್ಣಿನ ಪಾನಕವೇ. ನಮ್ಮ ಮನೆಯಲ್ಲಿ ಎರಡು ಬೇಸಿಗೆಯಿಂದ ಅದು ಫ್ರಿಜ್ಜಿನ ಬಾಗಿಲಲ್ಲಿರುವ ನಲ್ಲಿಯಿಂದ ಬರುತ್ತಿದೆ, ಗ್ಯಾಸು ಸಮೇತ. ಇಂಥ ಫ್ರಿಜ್ಜಿಗೆ ಕೆಗರೇಟರ್ ಅನ್ನುತ್ತಾರೆ. ಒಳಗೆ ಕೆಗ್ ಎಂಬ ಒತ್ತಡ ತಾಳುವ ಸ್ಟೀಲಿನ ಪೀಪಾಯಿ, ಅದಕ್ಕೆ ಜೋಡಿಸಿದ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್, ಹೊರಗೆ ನಲ್ಲಿ. ಇಷ್ಟೇ ಸಂಸಾರ. ಹೆಚ್ಚಿನವರು ಇದನ್ನು ಬಿಯರಿಗೆ ಇಟ್ಟುಕೊಳ್ಳುತ್ತಾರೆ. ಮನೆಯಲ್ಲೇ ಬಿಯರ್ ಮಾಡುವ ಆಸೆ ಇದ್ದವರು ಅದನ್ನು ಇಲ್ಲೇ ಬಿಟ್ಟುಬಿಡಿ; 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಸೋಡಾಕ್ಕೆ ಆ ತಾಪತ್ರಯ ಇಲ್ಲ.

ಮೊದಲು ನಲ್ಲಿ

ಎಲ್ಲರೂ ಫ್ರಿಜ್ಜಿನಿಂದ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿ, ಕೊನೆಗೆ ಉಳಿದ ದುಡ್ಡಿನಲ್ಲಿ ಆನ್‌ಲೈನಿನಲ್ಲಿ ಒಂದು ಥಳಥಳಿಸುವ ನಲ್ಲಿ ತರಿಸಿದೆ. ‘ಸ್ಟೀಲ್’ ಅಂತಲೇ ಬರೆದಿತ್ತು. ಮೂರನೇ ತಿಂಗಳಿಗೆ ಪಾನಕ ಬಾಯಲ್ಲಿ ನಾಣ್ಯ ಇಟ್ಟುಕೊಂಡ ಹಾಗೆ ರುಚಿಸತೊಡಗಿತು. ಬಿಚ್ಚಿ ನೋಡಿದರೆ ಹೊರಗಿನ ಹೊಳಪು ಹಾಗೇ ಇದೆ, ಒಳಗೆ ಕೊಳವೆಯ ಗೋಡೆಗೆ ಹಸಿರು ಕಿಲುಬು. ಸೂಜಿಯಿಂದ ಕೆರೆದೆ, ಕೆಳಗೆ ಹಳದಿ ಬಣ್ಣ ಕಂಡಿತು. ಹಿತ್ತಾಳೆಗೆ ಕ್ರೋಮ್ ಲೇಪ ಕೊಟ್ಟಿದ್ದರು. ಅಮ್ಮ ಬಗ್ಗಿ ನೋಡಿ, ‘ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೇಲಿ ಯಾರಾದ್ರೂ ಹುಳಿ ಮಾಡ್ತಾರೇನೋ?’ ಅಂದರು.

ನಲ್ಲಿ ಆರಿಸಲು ಅದಕ್ಕಿಂತ ಒಳ್ಳೆಯ ಸೂತ್ರ ನನಗೆ ಇನ್ನೂ ಸಿಕ್ಕಿಲ್ಲ. ಮುರುಗಲು ಹುಳಿ, ನಿಂಬೆ ಹುಳಿ. ಏನೂ ಬೆರೆಸದ ಬರೀ ಸೋಡಾ ಕೂಡ ಹುಳಿಯೇ, ಏಕೆಂದರೆ ನೀರಿನಲ್ಲಿ ಕರಗಿದ ಗ್ಯಾಸು ಕಾರ್ಬೊನಿಕ್ ಆಮ್ಲವಾಗುತ್ತದೆ. ಅದು ಹಿತ್ತಾಳೆಯ ತಾಮ್ರವನ್ನು ಬಿಡಿಸಿ ಲೋಟಕ್ಕೆ ತರುತ್ತದೆ. ತಾಮ್ರ ಹೆಚ್ಚಾದರೆ ಹೊಟ್ಟೆ ತೊಳೆಸುತ್ತದೆ, ವಾಂತಿಯಾಗುತ್ತದೆ. ಹಾಗಾಗಿ ನಲ್ಲಿ ಮಾತ್ರವಲ್ಲ, ಬಾಗಿಲು ದಾಟಿ ಹೋಗುವ ಷ್ಯಾಂಕ್ ಎಂಬ ಕೊಳವೆಯೂ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲೇ ಆಗಿರಬೇಕು. ಅಯಸ್ಕಾಂತ ಹಿಡಿದು ಪರೀಕ್ಷೆ ಮಾಡಲು ಹೋಗಬೇಡಿ. ಹಿತ್ತಾಳೆಗೂ ಅದು ಅಂಟುವುದಿಲ್ಲ, 304 ಸ್ಟೀಲಿಗೂ ಸಾಮಾನ್ಯವಾಗಿ ಅಂಟುವುದಿಲ್ಲ. ಕಾಣದ ಜಾಗದಲ್ಲಿ ಸೂಜಿಯಿಂದ ಗೀರಿ ನೋಡುವುದೇ ಸರಿ.

ಇನ್ನು ಒಳಗಿನ ರಚನೆ. ಹಳೇ ಮಾದರಿಯ ನಲ್ಲಿಯಲ್ಲಿ ಮುಚ್ಚುವ ಬಿರಡೆ ಹಿಂದುಗಡೆ ಇರುತ್ತದೆ. ಇದನ್ನು ರಿಯರ್ ಸೀಲಿಂಗ್ ಅನ್ನುತ್ತಾರೆ. ಬಂದ್ ಮಾಡಿದ ಮೇಲೂ ಬಿರಡೆಯಿಂದ ಮೂತಿಯವರೆಗಿನ ಭಾಗ ಪಾನಕದಲ್ಲಿ ನೆನೆದೇ ಇರುತ್ತದೆ. ಗಾಳಿ ತಾಗಿ ಸಕ್ಕರೆ ಒಣಗಿ, ಮಾರನೇ ದಿನ ಹಿಡಿ ಎಳೆದರೆ ಅಂಟಿ ಕೂತಿರುತ್ತದೆ. ಮಳೆಗಾಲದಲ್ಲಿ ಬೂಸ್ಟು ಬೇರೆ. ಫಾರ್ವರ್ಡ್ ಸೀಲಿಂಗ್ ನಲ್ಲಿಯಲ್ಲಿ ಬಿರಡೆ ಮೂತಿಯ ಹತ್ತಿರವೇ ಇರುವುದರಿಂದ ಒಳಭಾಗಕ್ಕೆ ಗಾಳಿಯೇ ಹೋಗುವುದಿಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ಬಟ್ಟೆ ಒಣಗದ ನಮ್ಮೂರುಗಳಿಗೆ ಇದೇ ಸರಿ. ಬೆಲೆ ಹೆಚ್ಚು ಅನ್ನುವುದು ನಿಜ. ಪಕ್ಕದಲ್ಲಿ ಪುಟ್ಟ ಸನ್ನೆ ಇರುವ ಫ್ಲೋ ಕಂಟ್ರೋಲ್ ನಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. ಹರಿವನ್ನು ಅಲ್ಲೇ ಹೆಚ್ಚು ಕಡಿಮೆ ಮಾಡಬಹುದು. ಪೈಪಿನ ತುದಿಗೇ ಸಿಕ್ಕಿಸುವ ಪ್ಲಾಸ್ಟಿಕ್ಕಿನ ಪಿಕ್‌ನಿಕ್ ಟ್ಯಾಪ್ ಕೂಡ ಕೆಟ್ಟದ್ದೇನಲ್ಲ. ಫ್ರಿಜ್ಜಿಗೆ ತೂತು ಕೊರೆಯಲು ಮನೆಯವರು ಒಪ್ಪದಿದ್ದರೆ ಮೊದಲ ವರ್ಷ ಅದರಲ್ಲೇ ಕಳೆಯಬಹುದು. ಸ್ಟೌಟ್ ಟ್ಯಾಪ್ ಎಂಬುದೊಂದಿದೆ. ನೈಟ್ರೋಜನ್ ಬೆರೆಸಿದ ಪಾನೀಯಕ್ಕೆ ಮಾಡಿದ್ದು, ನಮಗೆ ಬೇಡ.

ಕೆಗ್, ಫ್ರಿಜ್ಜು, ಸಿಲಿಂಡರ್

ಮನೆಗೆ ಹೊಂದುವುದು 19 ಲೀಟರಿನ ಕಾರ್ನಿ ಕೆಗ್. ಇದು ಹುಟ್ಟಿದ್ದೇ ತಂಪು ಪಾನೀಯದ ಕಂಪನಿಗಳಿಗಾಗಿ, ಬಿಯರಿನವರು ಆಮೇಲೆ ಹಿಡಿದುಕೊಂಡರು. ಎತ್ತರ ಸುಮಾರು 64 ಸೆಂಟಿಮೀಟರ್, ಅಗಲ 22. ಸಿಂಗಲ್ ಡೋರ್ ಫ್ರಿಜ್ಜಿನಲ್ಲಿ ಮೇಲೆ ಫ್ರೀಜರ್ ಡಬ್ಬಿ, ಕೆಳಗೆ ಕಂಪ್ರೆಸರಿನ ಉಬ್ಬು, ಎರಡೂ ಅಡ್ಡ ಬರುತ್ತವೆ. ಕೆಗ್ ತರುವ ಮುಂಚೆ ಅದೇ ಅಳತೆಗೆ ರಟ್ಟು ಸುತ್ತಿ, ಮೇಲಿನ ಪೈಪಿನ ಜೋಡಣೆಗೆ ಒಂದು ಗೇಣು ಬಿಟ್ಟು, ಒಳಗಿಟ್ಟು ಬಾಗಿಲು ಹಾಕಿ ನೋಡಿ. ಹಳೇ ಕೆಗ್ ತಂದರೆ ರಬ್ಬರ್ ರಿಂಗುಗಳನ್ನೆಲ್ಲ ಬದಲಿಸಿ. ಹಿಂದೆ ತುಂಬಿದ ಪಾನೀಯದ ವಾಸನೆ ರಬ್ಬರಿನಿಂದ ಹೋಗುವುದೇ ಇಲ್ಲ.

ತೂತು ಕೊರೆಯುವುದು ಬಾಗಿಲಿಗೆ ಮಾತ್ರ. ಪಕ್ಕದ ಗೋಡೆಗಳ ಒಳಗೆ ಗ್ಯಾಸಿನ ಕೊಳವೆಗಳು ಹಾದುಹೋಗಿರುತ್ತವೆ, ಡ್ರಿಲ್ ತಾಗಿದರೆ ಫ್ರಿಜ್ಜು ಅಲ್ಲಿಗೆ ಮುಗಿಯಿತು. ಈಗಿನ ಅನೇಕ ಫ್ರಿಜ್ಜುಗಳಲ್ಲಿರುವ ಆರ್‌600ಎ ಬೆಂಕಿ ಹಿಡಿಯುವ ಗ್ಯಾಸು ಕೂಡ. ಬಾಗಿಲಲ್ಲೂ ಡಿಸ್‌ಪ್ಲೇ, ವೈರು ಇದ್ದರೆ ಆ ಜಾಗ ತಪ್ಪಿಸಿ. ಪ್ಲಗ್ ಕಿತ್ತು, ಷ್ಯಾಂಕಿನ ದಪ್ಪ ಅಳೆದು (ಹೆಚ್ಚಿನವು 22 ಮಿಲಿಮೀಟರ್ ಆಸುಪಾಸು) ಅದಕ್ಕೆ ತಕ್ಕ ಹೋಲ್ ಸಾ ಹಾಕಿ ಕೊರೆಯಿರಿ. ನಲ್ಲಿಯ ಕೆಳಗೆ ಎತ್ತರದ ಲೋಟ ಹಿಡಿಯುವಷ್ಟು ಜಾಗ ಇರಲಿ. ನಾನು ಇದನ್ನು ಮರೆತು, ಈಗ ಲೋಟವನ್ನು ಓರೆ ಮಾಡಿಯೇ ತೂರಿಸಬೇಕು.

ಸಿಲಿಂಡರಿನಲ್ಲಿ ಆಹಾರ ದರ್ಜೆಯ ಕಾರ್ಬನ್ ಡೈಆಕ್ಸೈಡೇ ಇರಬೇಕು. ಮೈಮೇಲೆ ಒತ್ತಿದ ಪರೀಕ್ಷೆಯ ದಿನಾಂಕ ನೋಡಿ, 5 ವರ್ಷ ಮೀರಿದ್ದರೆ ಬೇಡ. ಯಾವಾಗಲೂ ನೆಟ್ಟಗೆ ನಿಲ್ಲಿಸಿ ಸರಪಳಿ ಹಾಕಿ. ಒಳಗೆ ಗ್ಯಾಸು ದ್ರವವಾಗಿ ಇರುವುದರಿಂದ ಸಿಲಿಂಡರಿನ ಒತ್ತಡ ತೋರಿಸುವ ಮೀಟರಿನ ಮುಳ್ಳು ದ್ರವ ಮುಗಿಯುವ ತನಕ ಹೆಚ್ಚೇನೂ ಇಳಿಯುವುದಿಲ್ಲ; ಎಷ್ಟು ಉಳಿದಿದೆ ಎಂದು ತಿಳಿಯಲು ತೂಗಿಯೇ ನೋಡಬೇಕು. ನನ್ನ ಲೆಕ್ಕದಲ್ಲಿ ಒಂದು ಕೆಗ್ ಸೋಡಾಕ್ಕೆ ಕಾಲು ಕಿಲೋಗಿಂತ ತುಸು ಹೆಚ್ಚು ಹಿಡಿಯುತ್ತದೆ. ಈ ಗ್ಯಾಸು ಗಾಳಿಗಿಂತ ಒಂದೂವರೆ ಪಟ್ಟು ಭಾರ, ಸೋರಿದರೆ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಕಿಟಕಿ ಇಲ್ಲದ ಉಗ್ರಾಣದ ಕೋಣೆಯಲ್ಲಿ ಖಂಡಿತ ಇಡಬೇಡಿ. ನಮ್ಮದು ಜಗಲಿಯಲ್ಲಿದೆ.

ಜೋಡಣೆ, ಮತ್ತೆ ನೊರೆ

ಕೆಗ್ಗಿನ ತಲೆಯ ಮೇಲೆ ಪೈಪಿನ ಕನೆಕ್ಟರ್ ಕೂರಿಸುವ ಎರಡು ಟೊಳ್ಳು ಮೊಳೆ: ‘ಇನ್’ ಗ್ಯಾಸಿಗೆ, ‘ಔಟ್’ ಪಾನೀಯಕ್ಕೆ. ಬಾಲ್ ಲಾಕ್ ಮಾದರಿಯಲ್ಲಿ ಬೂದು ಬಣ್ಣದ ಕನೆಕ್ಟರ್ ಗ್ಯಾಸಿನದು, ಕಪ್ಪು ಪಾನೀಯದ್ದು. ಅದಲು ಬದಲಾಗಿ ಒತ್ತಿ ಕೂರಿಸಿದರೆ ಬಿಡಿಸಲು ಬೆವರು ಇಳಿಯುತ್ತದೆ.

ಬಾವಿ ನೀರನ್ನು ಕುದಿಸಿ, ಆರಿಸಿ, ಸೋಸಿ ತುಂಬಿ. ಕುದಿಸಿದಾಗ ನೀರಿನಲ್ಲಿದ್ದ ಗಾಳಿಯೂ ಹೋಗುವುದರಿಂದ ಸೋಡಾ ಚುರುಕಾಗುತ್ತದೆ. ಮುಚ್ಚಳ ಹಾಕಿ, ಗ್ಯಾಸು ಬಿಟ್ಟು, ಮುಚ್ಚಳದ ಮೇಲಿನ ಉಂಗುರವನ್ನು ಮೂರ್ನಾಲ್ಕು ಬಾರಿ ಎಳೆದು ಒಳಗೆ ಉಳಿದ ಗಾಳಿಯನ್ನು ಹೊರಗೆ ಹಾಕಿ. ಆಮೇಲೆ ಪ್ರತಿ ಜೋಡಣೆಗೂ ಸಾಬೂನಿನ ನೊರೆ ಹಚ್ಚಿ. ಅಂಟುವಾಳದ ನೊರೆಯೂ ಆದೀತು. ಗುಳ್ಳೆ ಎದ್ದಲ್ಲಿ ಸೋರಿಕೆ ಇದೆ ಎಂದರ್ಥ. ಈ ಹತ್ತು ನಿಮಿಷ ಉಳಿಸಲು ಹೋಗಿ ನಾನು ಒಂದು ಸಿಲಿಂಡರನ್ನು ಒಂದೇ ರಾತ್ರಿಯಲ್ಲಿ ಖಾಲಿ ಮಾಡಿದ್ದೇನೆ.

ಫ್ರಿಜ್ಜಿನ ಉಷ್ಣತೆ 4 ಡಿಗ್ರಿ, ಸಿಲಿಂಡರಿನ ಒತ್ತಡ ತಗ್ಗಿಸಿ ಕೊಡುವ ರೆಗ್ಯುಲೇಟರ್ 30 ಪಿಎಸ್‌ಐ (ಇದು ಒತ್ತಡದ ಅಳತೆ). ಬಿಯರಿಗಾದರೆ 10–12 ಸಾಕಿತ್ತು. ಸೋಡಾಕ್ಕೆ ಹೆಚ್ಚು ಬೇಕು. 25 ಡಿಗ್ರಿಯ ನೀರು ಹೀರುವುದಕ್ಕಿಂತ ಸುಮಾರು ಎರಡು ಪಟ್ಟು ಗ್ಯಾಸನ್ನು 4 ಡಿಗ್ರಿಯ ನೀರು ಹೀರುತ್ತದೆ, ಆದ್ದರಿಂದ ಮೊದಲು ತಣ್ಣಗಾಗಲಿ. ಮುಟ್ಟದೆ ಬಿಟ್ಟರೆ ವಾರ ಹಿಡಿಯುತ್ತದೆ. ನೆಂಟರು ನಾಳೆಯೇ ಬರುವವರಾದರೆ, ತಣ್ಣಗಾದ ಕೆಗ್ಗನ್ನು ಗ್ಯಾಸಿನ ಪೈಪು ಹಾಕಿದಂತೆಯೇ ಮಡಿಲಲ್ಲಿ ಮಲಗಿಸಿಕೊಂಡು ಮಜ್ಜಿಗೆ ಕಡೆದ ಹಾಗೆ ಹತ್ತು ನಿಮಿಷ ಅಲ್ಲಾಡಿಸಿ.

ಮೊದಲ ಲೋಟ ಹಿಡಿದಾಗ ನನಗೆ ಬಂದದ್ದು ಬರೀ ನೊರೆ. ‘ಹಾಲು ಕರೆದ ಹಾಗಿದೆಯಲ್ಲೋ’ ಅಂತ ದೊಡ್ಡಮ್ಮ ನಕ್ಕರು. ತಪ್ಪು ಪೈಪಿನದು, ನಾನು ಒಂದೂವರೆ ಮೀಟರ್ ಹಾಕಿದ್ದೆ. 30 ಪಿಎಸ್‌ಐ ಒತ್ತಡ ದಾರಿಯಲ್ಲೇ ಸವೆಯಬೇಕು, ನಲ್ಲಿಯ ಬಾಯಲ್ಲಿ ಒಮ್ಮೆಲೇ ಬಿಡುಗಡೆಯಾದರೆ ಗ್ಯಾಸು ನೀರನ್ನು ಬಿಟ್ಟು ಎದ್ದುಬಿಡುತ್ತದೆ. ಒಳವ್ಯಾಸ 5 ಮಿಲಿಮೀಟರ್ ಇರುವ, ಆಹಾರಕ್ಕೆ ಬಳಸುವ ಪೈಪು 6–7 ಮೀಟರ್ ಬೇಕು. ಸುರುಳಿ ಸುತ್ತಿ ಕೆಗ್ಗಿನ ಮೇಲೆಯೇ ಇಡಿ, ಅದೂ ತಣ್ಣಗಿರಲಿ. ಉದ್ದವೇ ಇಟ್ಟುಕೊಂಡು ಶುರು ಮಾಡಿ. ಹರಿವು ತೀರಾ ನಿಧಾನವಾದರೆ ಅರ್ಧರ್ಧ ಅಡಿ ಕತ್ತರಿಸುತ್ತಾ ಬನ್ನಿ. ಹಿಡಿಯುವಾಗ ನಲ್ಲಿಯನ್ನು ಪೂರ್ತಿ ತೆರೆಯಿರಿ. ಅರೆಬರೆ ತೆರೆದರೆ ನೊರೆ ಜಾಸ್ತಿ. ಇಷ್ಟಾದರೂ ಮೊದಲ ಅರ್ಧ ಲೋಟ ನೊರೆಯಾಗಿಯೇ ಬರುತ್ತದೆ, ನಲ್ಲಿ ಹೊರಗಿನ ಬಿಸಿಗೆ ಕಾದಿರುತ್ತದಲ್ಲ.

ಕೆಗ್ಗಿಗೆ ಬರೀ ಸೋಡಾ ತುಂಬಿ ಮುರುಗಲಿನ ಸಿರಪ್ಪನ್ನು ಲೋಟಕ್ಕೆ ಹಾಕುವುದು ನನಗೆ ಇಷ್ಟ, ತೊಳೆಯುವ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಮದುವೆ ಉಪನಯನಕ್ಕೆ ಪಾನಕವನ್ನೇ ತುಂಬುವುದಾದರೆ ಎರಡು ಮಡಿಕೆ ಪಂಚೆಯಲ್ಲಿ ಸೋಸಿ; ಒಂದು ಚೂರು ಸಿಪ್ಪೆ ಸಾಕು, ಮೊಳೆಯ ಬಾಯಿ ಕಟ್ಟುತ್ತದೆ. ಉಪ್ಪು, ಜೀರಿಗೆ ಲೋಟಕ್ಕೇ ಇರಲಿ. ಉಪ್ಪು ದಿನಗಟ್ಟಲೆ ನಿಂತರೆ ಸ್ಟೇನ್‌ಲೆಸ್ ಸ್ಟೀಲಿಗೂ ಚುಕ್ಕೆ ಚುಕ್ಕೆ ತೂತು ಬೀಳುತ್ತದೆ. ಗಾಳಿಮಳೆಗೆ ಕರೆಂಟು ಒಂದೆರಡು ದಿನ ಹೋದರೆ ಸಿಹಿ ಪಾನಕ ಒಳಗೇ ಹುಳಿಯಲು ಶುರುವಾಗುತ್ತದೆ. ಅಂಥ ಹೊತ್ತಿನಲ್ಲಿ ಉಂಗುರ ಎಳೆದು ಒತ್ತಡ ಬಿಟ್ಟು, ಕೆಗ್ ಖಾಲಿ ಮಾಡಿ.

ಎರಡು ವಾರಕ್ಕೊಮ್ಮೆ ಪೈಪು, ನಲ್ಲಿ ಎರಡನ್ನೂ ಬಿಸಿ ನೀರಿಗೆ ವಾಷಿಂಗ್ ಸೋಡಾ ಹಾಕಿ ತೊಳೆದು, ಒಳ್ಳೆಯ ನೀರು ಹಾಯಿಸಿ. ರಾತ್ರಿ ಮಲಗುವ ಮುಂಚೆ ನಲ್ಲಿಯ ಮೂತಿಗೆ ಒಂದು ರಬ್ಬರ್ ಬಿರಡೆ ಸಿಕ್ಕಿಸಿ. ಅಡಿಕೆ ತೋಟದ ಪಕ್ಕದ ಮನೆಗಳಲ್ಲಿ ಸಕ್ಕರೆಯ ಒಂದು ಹನಿಗೂ ಇರುವೆ ಸಾಲು ಹಿಡಿದು ಬರುತ್ತದೆ. ಬಿರಡೆ ಮರೆತ ದಿನ ಬೆಳಗಿನ ಮೊದಲ ಅರ್ಧ ಲೋಟದ ನೊರೆಯಲ್ಲಿ ಅವೂ ತೇಲುತ್ತಿರುತ್ತವೆ.