ಕಂಬದ ಬುಡಕ್ಕೆ ಎಷ್ಟು ದಪ್ಪದ ಪ್ಲೇಟ್ ಬೇಕು?

ಗೋದಾಮಿನ ಒಂದು ಸ್ಟೀಲ್ ಕಂಬ ತೆಗೆದುಕೊಳ್ಳೋಣ. ಐಎಸ್‌ಎಚ್‌ಬಿ 300 ಸೆಕ್ಷನ್, ಅಂದರೆ 300 ಮಿ.ಮೀ. ಎತ್ತರ, 250 ಮಿ.ಮೀ. ಅಗಲದ H ಆಕಾರದ ಕಂಬ. ಸುರಕ್ಷತೆಯ ಗುಣಕ ಸೇರಿಸಿದ ಮೇಲೆ ಅದು ಹೊರುವ ಭಾರ 1,200 ಕಿಲೋನ್ಯೂಟನ್, ಅಂದರೆ ಸುಮಾರು 120 ಟನ್. ಕಂಬದೊಳಗಿನ ಒತ್ತಡ ಚದರ ಮಿಲಿಮೀಟರಿಗೆ 160 ನ್ಯೂಟನ್ ಆಯಿತು. ಸ್ಟೀಲಿಗೆ ಇದೇನೂ ಕಷ್ಟವಲ್ಲ. ಆದರೆ ಕೆಳಗಿರುವ ಎಂ20 (ಚದರ ಮಿ.ಮೀ.ಗೆ 20 ನ್ಯೂಟನ್ ಬಲದ) ಕಾಂಕ್ರೀಟಿಗೆ 9 ನ್ಯೂಟನ್ನೇ ಮಿತಿ ಅಂತ ಇಟ್ಟುಕೊಳ್ಳುತ್ತೇನೆ. ಸ್ಟೀಲ್ ಕಟ್ಟಡಗಳ ಭಾರತೀಯ ಮಾನಕ ಐಎಸ್ 800 ಇನ್ನೂ ಸ್ವಲ್ಪ ಜಾಸ್ತಿ ಬಿಡುತ್ತದೆ, ನಿಜ. ನಾನು ಕಾಂಕ್ರೀಟಿನ ಮಾನಕ ಐಎಸ್ 456 ಹೇಳುವಂತೆ ಆ 20ರ 0.45 ಪಾಲನ್ನೇ ಹಿಡಿಯುತ್ತೇನೆ. ಭಾರವನ್ನು ಹರಡಿ ಈ ಮಿತಿಯೊಳಗೆ ತರುವುದೇ ಬೇಸ್ ಪ್ಲೇಟಿನ ಕೆಲಸ.

ಮೊದಲು ಅಳತೆ. 12,00,000 ನ್ಯೂಟನ್ನನ್ನು 9ರಿಂದ ಭಾಗಿಸಿದರೆ 1,33,333 ಚದರ ಮಿ.ಮೀ. ಬೇಕು. 400 × 350 ಪ್ಲೇಟ್ ಸಾಕು ಅಲ್ವಾ? ಲೆಕ್ಕಕ್ಕೆ ಸಾಕು. ಆದರೆ ಕಂಬದ ಸುತ್ತ ಉಳಿಯುವುದು ಬರೀ 50 ಮಿ.ಮೀ. ಅಷ್ಟರಲ್ಲಿ ಪ್ಲೇಟನ್ನು ಕಾಂಕ್ರೀಟಿಗೆ ಹಿಡಿಯುವ ಬೋಲ್ಟ್, ವಾಷರ್ ಕೂರಬೇಕು, ಸ್ಪ್ಯಾನರ್ ತಿರುಗಬೇಕು. ಹಾಗಾಗಿ ಬೋಲ್ಟಿನ ಜಾಗವನ್ನು ಮೊದಲೇ ಯೋಚಿಸಿ. ನಾಲ್ಕೂ ಕಡೆ 100 ಮಿ.ಮೀ. ಬಿಟ್ಟು 500 × 450 ಮಾಡೋಣ. ಒತ್ತಡ 5.33ಕ್ಕೆ ಇಳಿಯುತ್ತದೆ.

ಈಗ ದಪ್ಪ. ಹೊರಗೆ ಚಾಚಿದ ಭಾಗವನ್ನು ಕಾಂಕ್ರೀಟು ಕೆಳಗಿನಿಂದ ಒತ್ತುತ್ತದೆ. ಅಂಚು ಮೇಲಕ್ಕೆ ಬಾಗಲು ನೋಡುತ್ತದೆ. ಐಎಸ್ 800:2007ರ ಸೂತ್ರ ಹೀಗಿದೆ: ದೊಡ್ಡ ಚಾಚಿನ ವರ್ಗದಿಂದ ಚಿಕ್ಕ ಚಾಚಿನ ವರ್ಗದ 0.3 ಪಾಲನ್ನು ಕಳೆಯಿರಿ. ಇಲ್ಲಿ ಎರಡೂ ಚಾಚು 100, ಹಾಗಾಗಿ 10,000ದಲ್ಲಿ 3,000 ಹೋಗಿ 7,000. ಅದನ್ನು ಒತ್ತಡ 5.33, ಸೂತ್ರದ 2.5 ಮತ್ತು ಸುರಕ್ಷತೆಯ ಗುಣಕ 1.1ರಿಂದ ಗುಣಿಸಿ, ಸ್ಟೀಲಿನ ಯೀಲ್ಡ್ ಬಲ (ಅದು ಶಾಶ್ವತವಾಗಿ ಬಾಗಲು ಶುರುವಾಗುವ ಒತ್ತಡ) 250ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. 20.3 ಮಿ.ಮೀ. ಬರುತ್ತದೆ.

ಚೂರು ತಾನೇ ಅಂತ 20ರ ಪ್ಲೇಟ್ ಹಾಕಬೇಡಿ. ಇಲ್ಲಿ ಹಿಡಿದಿರುವ ಇ250 ದರ್ಜೆಯ ಸ್ಟೀಲಿನಲ್ಲಿ ದಪ್ಪ 20 ದಾಟಿದರೆ ಯೀಲ್ಡ್ ಬಲವೂ 240ಕ್ಕೆ ಇಳಿಯುತ್ತದೆ. ಉತ್ತರ 20.7 ಆಗುತ್ತದೆ. 25 ಮಿ.ಮೀ. ಹಾಕಿ. ಪ್ಲೇಟು ಕಂಬದ ಫ್ಲಾಂಜಿಗಿಂತ (H ಆಕಾರದ ಎರಡು ಬದಿಯ ಪಟ್ಟಿಗಳು) ತೆಳ್ಳಗಿರಬಾರದು ಎಂಬ ನಿಯಮವೂ ಇದೆ. ಇಲ್ಲಿ ಫ್ಲಾಂಜ್ 10.6, ಚಿಂತೆಯಿಲ್ಲ.

ಇಷ್ಟೆಲ್ಲ ಭಾರ ನೇರವಾಗಿ ಕೆಳಗೆ ಬಂದಾಗಿನ ಮಾತು. ತಗಡಿನ ಹಗುರ ಶೆಡ್ಡಿನ ಕಥೆಯೇ ಬೇರೆ. ಜೋರು ಗಾಳಿ ಚಾವಣಿಯನ್ನು ಮೇಲಕ್ಕೆ ಎಳೆಯುತ್ತದೆ, ಕಂಬವೂ ಅದರ ಜೊತೆ ಏಳಲು ನೋಡುತ್ತದೆ. ಕಟ್ಟಡದ ಮೇಲಿನ ಭಾರಗಳ ಮಾನಕ ಐಎಸ್ 875ರ ಪ್ರಕಾರ ಗಾಳಿಯ ಮೂಲ ವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ವೇಗದ ವರ್ಗದಂತೆ ಒತ್ತಡ ಏರುವುದರಿಂದ ಮಂಗಳೂರಿನಲ್ಲಿ ಗಾಳಿಯ ಬಲ ಸುಮಾರು ಶೇ 40ರಷ್ಟು ಜಾಸ್ತಿ. ಬೆಂಗಳೂರಿನ ಡ್ರಾಯಿಂಗನ್ನು ಸುಮ್ನೆ ಅಲ್ಲಿಗೆ ಒಯ್ಯಬೇಡಿ. ಬೋಲ್ಟಿಗೆ ಎಳೆತದ ಲೆಕ್ಕ ಬೇರೆ ಮಾಡಿ. ಅದು ಕಾಂಕ್ರೀಟಿನಿಂದ ಕಿತ್ತು ಬರದಷ್ಟು ಆಳವಿದೆಯೇ ನೋಡಿ. ಕಂಬ ಮೇಲೇಳುವಾಗ ಪ್ಲೇಟಿನ ಅಡಿಯ ಘರ್ಷಣೆಯೂ ಇರುವುದಿಲ್ಲ. ಅಡ್ಡ ಬಲವನ್ನು ಆಗ ಬೋಲ್ಟುಗಳೋ, ಪ್ಲೇಟಿನಡಿ ಬೆಸೆದು ಕಾಂಕ್ರೀಟಿನೊಳಗೆ ಇಳಿಸಿದ ಸ್ಟೀಲ್ ತುಂಡೋ (ಶಿಯರ್ ಕೀ) ಹೊರಬೇಕು.

ಕಂಬ ಎಷ್ಟೇ ಚಿಕ್ಕದಿರಲಿ, ನಾಲ್ಕು ಬೋಲ್ಟ್ ಕೊಡಿ. ಕ್ರೇನಿನ ಕೊಕ್ಕೆ ಬಿಟ್ಟ ಕ್ಷಣದಿಂದ ತೊಲೆಗಳು ಸೇರುವವರೆಗೆ ಕಂಬ ಈ ಬೋಲ್ಟುಗಳ ಮೇಲೆಯೇ ನಿಂತಿರುತ್ತದೆ. ಕೆಳಗೆ ಮನುಷ್ಯರು ಕೆಲಸ ಮಾಡುತ್ತಿರುತ್ತಾರೆ. ಕಾಂಕ್ರೀಟ್ ಸುರಿಯುವ ಮೊದಲು ಬೋಲ್ಟುಗಳನ್ನು ಟೆಂಪ್ಲೇಟಿನಲ್ಲಿ (ಅದೇ ಅಳತೆಗೆ ತೂತು ಕೊರೆದ ಹಲಗೆ) ಬಿಗಿದು ಅಳತೆ ನೋಡಿ. ಕಂಬ ನೆಟ್ಟಗೆ ನಿಂತ ಮೇಲೆ ಪ್ಲೇಟಿನಡಿಯ 25ರಿಂದ 50 ಮಿ.ಮೀ. ಸಂದಿಗೆ ಗಟ್ಟಿಯಾಗುವಾಗ ಕುಗ್ಗದ ಗ್ರೌಟ್ (ತೆಳು ಸಿಮೆಂಟ್ ಗಾರೆ) ತುಂಬಿ. ಒಂದೇ ಕಡೆಯಿಂದ ಸುರಿಯಿರಿ, ಎದುರು ಅಂಚಿನಲ್ಲಿ ಅದು ಹೊರಬರುವ ತನಕ ನಿಲ್ಲಿಸಬೇಡಿ.