ಪಾರ್ಕ್‌ಗೆ ಹಾಕಿದರೂ ಉರುಳಬಹುದಾದ ಟ್ರಕ್: ಎಫ್-150 ಹೈಬ್ರಿಡ್ ಇದ್ದವರು ರೀಕಾಲ್ ನೋಡುವ ಬಗೆ

ಅಮೆರಿಕದಲ್ಲಿ 2021ರಿಂದ 2023ರವರೆಗಿನ ಫೋರ್ಡ್ ಎಫ್-150 ಪಿಕಪ್ ಟ್ರಕ್ ಇಟ್ಟುಕೊಂಡಿದ್ದರೆ, ಅಥವಾ ಸೆಕೆಂಡ್ ಹ್ಯಾಂಡ್ ಕೊಳ್ಳುವುದಿದ್ದರೆ, ಅದರಲ್ಲಿ ಭಾರದ ಟ್ರೇಲರ್ ಎಳೆಯಲು ಕೊಡುವ ಮ್ಯಾಕ್ಸ್ ಟ್ರೇಲರ್ ಟೋ ಪ್ಯಾಕೇಜ್ ಇದೆಯೇ ಎಂದು ಮೊದಲು ನೋಡಿ. 2023ರ ಡಿಸೆಂಬರ್‌ನಲ್ಲಿ ಫೋರ್ಡ್ ಇಂಥ 1,12,965 ಟ್ರಕ್‌ಗಳಿಗೆ ರೀಕಾಲ್, ಅಂದರೆ ದೋಷ ಸರಿಪಡಿಸಲು ಗಾಡಿ ವಾಪಸ್ ಕರೆಯುವ ಪ್ರಕಟಣೆ, ಹೊರಡಿಸಿತು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಇದಕ್ಕೆ ಕೊಟ್ಟ ನಂಬರ್ 23ವಿ-896. ಎಫ್-150ರ ಹೈಬ್ರಿಡ್ ಮಾದರಿಯಾದ ಪವರ್‌ಬೂಸ್ಟ್‌ಗೂ ಈ ಪ್ಯಾಕೇಜ್ ಸಿಗುತ್ತಿತ್ತು.

ತೊಂದರೆ ಇರುವುದು ಹಿಂದಿನ 9.75 ಇಂಚಿನ ಹೆವಿ ಡ್ಯೂಟಿ ಆ್ಯಕ್ಸಲ್‌ನಲ್ಲಿ. ಚಕ್ರ ಕೂರುವ ನಡುಭಾಗವಾದ ಹಬ್‌ನ ಬೋಲ್ಟ್ ಲೋಹ ದಣಿದು ಮುರಿಯಬಹುದು. ಮುರಿದ ಮೇಲೆ ಆ್ಯಕ್ಸಲ್ ಶಾಫ್ಟನ್ನು ಹಬ್‌ಗೆ ಕಚ್ಚಿಸುವ ಸ್ಪ್ಲೈನ್ ಹಲ್ಲುಗಳು ಸವೆದುಹೋಗಬಹುದು. ಆಗ ಓಡುತ್ತಿರುವ ಗಾಡಿಗೆ ಎಳೆತ ನಿಲ್ಲುತ್ತದೆ: ಎಂಜಿನ್ ರೇಸ್ ಆದರೂ ಗಾಡಿ ಮುಂದೆ ಹೋಗದು.

ಅದಕ್ಕಿಂತ ಅಪಾಯ ನಿಂತ ಗಾಡಿಯದು. ಆಟೊಮ್ಯಾಟಿಕ್ ಗೇರನ್ನು ಪಾರ್ಕ್‌ಗೆ ಹಾಕಿದಾಗ ಹಿಡಿಯುವುದು ಗೇರ್‌ಬಾಕ್ಸ್ ಒಳಗಿನ ಕೊಂಡಿ. ಆ ಹಿಡಿತ ಹಿಂದಕ್ಕೆ ಹೋಗುವ ಪ್ರೊಪೆಲರ್ ಶಾಫ್ಟ್, ಎರಡೂ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್, ಆ್ಯಕ್ಸಲ್ ಶಾಫ್ಟ್ ಮೂಲಕ ಸ್ಪ್ಲೈನ್ ದಾಟಿಯೇ ಚಕ್ರಕ್ಕೆ ತಲುಪಬೇಕು. ಒಂದೇ ಬದಿಯ ಸ್ಪ್ಲೈನ್ ಹೋದರೂ ಸಾಕು: ಡಿಫರೆನ್ಷಿಯಲ್ ಲಾಕ್ ಆಗಿರದಿದ್ದರೆ ಆ ಬದಿಯ ಶಾಫ್ಟ್ ಸುಮ್ಮನೆ ಹಿಮ್ಮುಖವಾಗಿ ತಿರುಗುತ್ತದೆ, ಸರಿಯಿರುವ ಚಕ್ರವೂ ಉರುಳುತ್ತದೆ. ಪಾರ್ಕಿಂಗ್ ಬ್ರೇಕ್ ಹಾಗಲ್ಲ, ಅದು ನೇರ ಹಿಂದಿನ ಚಕ್ರಗಳನ್ನೇ ಹಿಡಿಯುತ್ತದೆ. ಆದ್ದರಿಂದ ರಿಪೇರಿ ಆಗುವವರೆಗೆ ಪ್ರತಿ ಸಲವೂ ಬ್ರೇಕ್ ಪೆಡಲ್ ಒತ್ತಿಕೊಂಡೇ ಪಾರ್ಕಿಂಗ್ ಬ್ರೇಕ್ ಸ್ವಿಚ್ ಎಳೆಯಿರಿ, ಮೀಟರ್‌ನಲ್ಲಿ ಕೆಂಪು ದೀಪ ಹತ್ತಿದ್ದನ್ನು ನೋಡಿ, ಆಮೇಲೆ ಪೆಡಲ್ ಬಿಡಿ.

ಹೈಬ್ರಿಡ್ ಇದ್ದವರು ಇನ್ನೂ ಎಚ್ಚರವಾಗಿರಬೇಕು. ಟ್ರಕ್ಕಿನಲ್ಲೇ ಇರುವ ಪ್ಲಗ್ ವ್ಯವಸ್ಥೆಯಾದ ಪ್ರೊ ಪವರ್ ಆನ್‌ಬೋರ್ಡ್‌ನಿಂದ ಕರೆಂಟ್ ತೆಗೆದು ಗರಗಸವನ್ನೋ ಫ್ರಿಜ್ಜನ್ನೋ ಓಡಿಸುವಾಗ ಗಾಡಿ ಪಾರ್ಕ್‌ನಲ್ಲಿ ಗಂಟೆಗಟ್ಟಲೆ ನಿಂತಿರುತ್ತದೆ, ಜನ ಅದರ ಹಿಂದೆಯೇ ಓಡಾಡುತ್ತಿರುತ್ತಾರೆ. ಇಳಿಜಾರಿನಲ್ಲಂತೂ ಪಾರ್ಕಿಂಗ್ ಬ್ರೇಕ್ ಜೊತೆಗೆ ಚಕ್ರಕ್ಕೆ ಅಡೆ ಕೊಡಿ.

ಹಿಂದಿನ ಚಕ್ರದ ಕಡೆಯಿಂದ ಕಟಕಟ ಸದ್ದು ಬಂದರೆ ಟ್ರೇಲರ್ ಎಳೆಯುವುದನ್ನು ನಿಲ್ಲಿಸಿ, ಡೀಲರ್‌ಗೆ ತಕ್ಷಣ ತಿಳಿಸಿ. ದಾರಿಯಲ್ಲೇ ಎಳೆತ ನಿಂತರೆ ಹಜಾರ್ಡ್ ಲೈಟ್ ಹಾಕಿ ಬದಿಗೆ ಸರಿಸಿ, ಪಾರ್ಕಿಂಗ್ ಬ್ರೇಕ್ ಎಳೆದು, ಗಾಡಿಯನ್ನು ಮೇಲೇರಿಸಿ ಒಯ್ಯುವ ಫ್ಲಾಟ್‌ಬೆಡ್ ಲಾರಿ ಕರೆಸಿ.

ನಿಮ್ಮ ಗಾಡಿ ಪಟ್ಟಿಯಲ್ಲಿದೆಯೇ ಎಂದು ತಿಳಿಯಲು ಗಾಡಿಯ ಗುರುತಿನ ಸಂಖ್ಯೆಯಾದ 17 ಅಕ್ಷರ-ಅಂಕಿಗಳ ವಿಐಎನ್ ಬೇಕು. ಮುಂದಿನ ಗಾಜಿನ ಡ್ರೈವರ್ ಬದಿಯ ಕೆಳಮೂಲೆಯಲ್ಲಿ ಅಥವಾ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿ ಅದು ಸಿಗುತ್ತದೆ. ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಅದರಲ್ಲಿ ಇರುವುದೇ ಇಲ್ಲ. ಹಾಗೆ ಕಂಡದ್ದು 1 ಅಥವಾ 0. ಎನ್‌ಎಚ್‌ಟಿಎಸ್‌ಎ ವೆಬ್‌ಸೈಟಿನ ರೀಕಾಲ್ ಪುಟದಲ್ಲಿ ಅದನ್ನು ಹಾಕಿದರೆ ಇನ್ನೂ ರಿಪೇರಿಯಾಗದ ರೀಕಾಲ್‌ಗಳು ಬರುತ್ತವೆ. ಮೊದಲ ಮಾಲೀಕರ ಹಳೆಯ ವಿಳಾಸಕ್ಕೆ ಹೋಗುವ ಪತ್ರವನ್ನು ಕಾಯಬೇಡಿ.

ಡೀಲರ್ ಎರಡೂ ಬದಿಯ ಆ್ಯಕ್ಸಲ್ ಶಾಫ್ಟ್ ಬದಲಿಸಬೇಕು, ಹಬ್‌ಗೆ ಹಾನಿಯಾಗಿದ್ದರೆ ಅದನ್ನೂ. ದುಡ್ಡು ಕೊಡಬೇಕಾಗಿಲ್ಲ. ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ಪಾರ್ಟ್ಸ್ ಬಂದಿವೆಯೇ ಎಂದು ಕೇಳಿ. ವಾಪಸ್ ಬರುವಾಗ ಬಿಲ್‌ನಲ್ಲಿ ರೀಕಾಲ್ ನಂಬರ್ ಇದೆಯೇ ನೋಡಿ, ಕೆಲವು ದಿನ ಬಿಟ್ಟು ವಿಐಎನ್ ಇನ್ನೊಮ್ಮೆ ಹಾಕಿ.

ಬಾಡಿಗೆಗೆ 35ಕ್ಕಿಂತ ಹೆಚ್ಚು ಗಾಡಿ ಇಟ್ಟಿರುವ ಕಂಪನಿಗಳು ರೀಕಾಲ್ ಬಾಕಿ ಇರುವ ಗಾಡಿ ಕೊಡುವಂತಿಲ್ಲ. ಹಳೆಯ ಗಾಡಿ ಮಾರುವ ಡೀಲರ್‌ಗೆ ಅಂಥ ಫೆಡರಲ್ ನಿರ್ಬಂಧ ಇಲ್ಲ, ಹಾಗಾಗಿ ಅಡ್ವಾನ್ಸ್ ಕೊಡುವ ಮುನ್ನವೇ ವಿಐಎನ್ ಕೇಳಿ ಪಡೆಯಿರಿ. ರೀಕಾಲ್‌ಗೆ ಮೊದಲೇ ಈ ಕೆಲಸಕ್ಕೆ ದುಡ್ಡು ಕೊಟ್ಟಿದ್ದರೆ ಆ ರಸೀದಿ ತೋರಿಸಿ ಫೋರ್ಡ್‌ನಿಂದ ಹಣ ವಾಪಸ್ ಕೇಳಬಹುದು.