ದೊಡ್ಡವರಾದ ಮೇಲೆ ಹಲ್ಲಿಗೆ ಕ್ಲಿಪ್: ಎಲ್ಲಿಂದ ಶುರು ಮಾಡಬೇಕು?

ಮಗಳಿಗೆ ಕ್ಲಿಪ್ ಹಾಕಿಸಲು ಬಂದ ಅಮ್ಮ, ಎದ್ದು ಹೊರಡುವಾಗ ಮೆಲ್ಲಗೆ ಕೇಳುತ್ತಾರೆ: ‘ಡಾಕ್ಟ್ರೇ, ಈ ವಯಸ್ಸಲ್ಲಿ ನಂದೂ ಸರಿ ಹೋಗುತ್ತಾ?’

ಹೋಗುತ್ತದೆ. ಮೂವತ್ತಾದರೂ ಐವತ್ತಾದರೂ ಹಲ್ಲು ಸರಿಯುತ್ತದೆ. ಹಲ್ಲಿನ ಬೇರು ಮೂಳೆಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ, ಅದರ ಸುತ್ತ ತೆಳ್ಳಗಿನ ನಾರಿನ ಪದರ ಇರುತ್ತದೆ. ಕ್ಲಿಪ್ಪಿನ ವೈರ್ ಹಲ್ಲನ್ನು ಯಾವ ಕಡೆ ಒತ್ತುತ್ತದೋ ಆ ಕಡೆಯ ಮೂಳೆ ನಿಧಾನವಾಗಿ ಕರಗುತ್ತದೆ, ಹಿಂದೆ ಬಿಟ್ಟ ಜಾಗದಲ್ಲಿ ಹೊಸ ಮೂಳೆ ತುಂಬಿಕೊಳ್ಳುತ್ತದೆ. ದೊಡ್ಡವರಲ್ಲೂ ಇದು ನಡೆಯುತ್ತದೆ, ಶುರುವಾಗುವುದು ಸ್ವಲ್ಪ ತಡ ಅಷ್ಟೇ. ಅಂದಾಜಿಗೆ ತಿಂಗಳಿಗೆ 1 ಮಿಲಿಮೀಟರ್ ಎಂದಿಟ್ಟುಕೊಳ್ಳಿ.

ಒಂದು ವ್ಯತ್ಯಾಸ ಮಾತ್ರ ನಿಜ. ಹನ್ನೆರಡು ಹದಿಮೂರರ ಮಕ್ಕಳ ದವಡೆ ಇನ್ನೂ ಬೆಳೆಯುತ್ತಿರುತ್ತದೆ, ಆ ಬೆಳವಣಿಗೆಯನ್ನು ಬೇಕಾದ ಕಡೆ ತಿರುಗಿಸಬಹುದು. ನಮ್ಮದು ಬೆಳೆದು ನಿಂತಿದೆ. ಹಲ್ಲು ಸೊಟ್ಟ ಇದ್ದರೆ, ಸಂದಿ ಇದ್ದರೆ ಕ್ಲಿಪ್ ಸಾಕು. ದವಡೆಯೇ ತುಂಬಾ ಮುಂದೆ ಅಥವಾ ಹಿಂದೆ ಇದ್ದರೆ ಕ್ಲಿಪ್ ಜೊತೆ ದವಡೆಯ ಆಪರೇಷನ್ ಕೂಡ ಬೇಕಾಗಬಹುದು.

ಮೊದಲು ವಸಡು

ನನ್ನ ಮಟ್ಟಿಗೆ ಇಡೀ ಲೇಖನದಲ್ಲಿ ಮುಖ್ಯವಾದ ಮಾತು ಇದೇ: ವಯಸ್ಸು ಅಡ್ಡಿಯಲ್ಲ, ಕೆಟ್ಟ ವಸಡು ಅಡ್ಡಿ. ಹಲ್ಲುಜ್ಜುವಾಗ ರಕ್ತ ಬರುತ್ತದೆಯಾ? ಮುಂದಿನ ಹಲ್ಲುಗಳ ನಡುವೆ ಮೊದಲಿಲ್ಲದ ಸಂದಿ ಈಚೆಗೆ ಬಿಟ್ಟಿದೆಯಾ? ನಲವತ್ತು ದಾಟಿದವರು ಇದನ್ನು ‘ಹಲ್ಲು ಉಬ್ಬಿದೆ, ಕ್ಲಿಪ್ ಹಾಕಿಸೋಣ’ ಎಂದುಕೊಂಡು ಬರುತ್ತಾರೆ. ಎಷ್ಟೋ ಸಲ ಅದು ವಸಡಿನ ರೋಗದಿಂದ ಮೂಳೆ ಸವೆದ ಲಕ್ಷಣ. ಸೋಂಕು ಇರುವಾಗಲೇ ಕ್ಲಿಪ್ ಹಾಕಿ ಹಲ್ಲನ್ನು ಸರಿಸಿದರೆ ಉಳಿದ ಮೂಳೆಯೂ ಬೇಗ ಹೋಗುತ್ತದೆ.

ಹಾಗಾಗಿ ಮೊದಲು ಹಲ್ಲು ಕ್ಲೀನ್ ಮಾಡಿಸಿ. ಹುಳುಕು ತುಂಬಿಸಿ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಗೆ ತಂದುಕೊಳ್ಳಿ. ಗುಟ್ಕಾ, ಸಿಗರೇಟು ಬಿಡಲೇಬೇಕು, ಅದರಲ್ಲಿ ರಾಜಿ ಇಲ್ಲ. ಮೂಳೆ ಸವೆತಕ್ಕೆ (ಆಸ್ಟಿಯೋಪೊರೋಸಿಸ್) ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ಹೇಳಿ, ಕೆಲವು ಔಷಧಿಗಳು ಹಲ್ಲು ಸರಿಯುವುದನ್ನೇ ತಡೆಯುತ್ತವೆ. ಇಂಪ್ಲಾಂಟ್ (ಹೋದ ಹಲ್ಲಿನ ಜಾಗದಲ್ಲಿ ಮೂಳೆಗೆ ಕೂರಿಸುವ ಕೃತಕ ಬೇರು) ಹಾಕಿಸುವ ಯೋಚನೆ ಇದ್ದರೆ ಸಾಮಾನ್ಯವಾಗಿ ಕ್ಲಿಪ್ ಮುಗಿದ ಮೇಲೆ ಹಾಕಿಸುವುದು ಒಳ್ಳೆಯದು. ಇಂಪ್ಲಾಂಟ್ ಮೂಳೆಗೆ ಬೆಸೆದುಕೊಳ್ಳುತ್ತದೆ, ಆಮೇಲೆ ಅದನ್ನು ಸರಿಸಲು ಬರುವುದಿಲ್ಲ.

ನಮ್ಮ ಕಡೆಯ ನೀರಿನ ವಿಷಯ

ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಬೋರ್‌ವೆಲ್ ನೀರು ಕುಡಿದು ಬೆಳೆದವರು ಇದನ್ನು ಓದಲೇಬೇಕು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎನ್ನುವುದು ನಮ್ಮ ದೇಶದ ಮಾನದಂಡ. ಈ ಭಾಗದ ಎಷ್ಟೋ ಊರುಗಳ ಅಂತರ್ಜಲ ಅದನ್ನು ಮೀರಿದೆ. ಇಂಥ ನೀರಿನಿಂದ ಹಲ್ಲಿನ ಮೇಲೆ ಕಂದು ಕಲೆ ಬಂದದ್ದು ಚಿಕ್ಕಂದಿನಲ್ಲಿ, ಹಲ್ಲು ವಸಡಿನೊಳಗೆ ತಯಾರಾಗುತ್ತಿದ್ದಾಗ. ಈಗ ಫಿಲ್ಟರ್ ನೀರು ಕುಡಿದರೂ ಅದು ಹೋಗುವುದಿಲ್ಲ.

ಕ್ಲಿಪ್ಪಿಗೂ ಇದಕ್ಕೂ ಏನು ಸಂಬಂಧ? ಬ್ರಾಕೆಟ್ (ವೈರ್ ಹಿಡಿದಿಡಲು ಒಂದೊಂದು ಹಲ್ಲಿಗೂ ಅಂಟಿಸುವ ಸಣ್ಣ ತುಂಡು) ಅಂಟಿಸುವ ಮೊದಲು ಹಲ್ಲಿಗೆ ಆಮ್ಲದ ಜೆಲ್ ಹಚ್ಚಿ, ಸುಮಾರು ಅರ್ಧ ನಿಮಿಷ ಬಿಟ್ಟು ತೊಳೆದು ಒಣಗಿಸುತ್ತಾರೆ. ಆಗ ಹಲ್ಲಿನ ಹೊಳಪು ಹೋಗಿ ಸೀಮೆಸುಣ್ಣದ ಹಾಗೆ ಬೆಳ್ಳಗಾಗುತ್ತದೆ. ಕಣ್ಣಿಗೆ ಕಾಣದ ಸಣ್ಣ ಸಣ್ಣ ಗುಳಿಗಳಾಗಿರುತ್ತವೆ, ಅಂಟು ಹಿಡಿಯುವುದು ಅವುಗಳೊಳಗೆ. ಫ್ಲೋರೈಡ್ ಜಾಸ್ತಿ ಸೇರಿದ ಹಲ್ಲಿನಲ್ಲಿ ಆಮ್ಲ ಸರಿಯಾಗಿ ಕೆಲಸ ಮಾಡುವುದಿಲ್ಲ. ಕಲೆ ತೀವ್ರವಾಗಿದ್ದರೆ ಬ್ರಾಕೆಟ್ ಪದೇ ಪದೇ ಕಳಚಿ ಬೀಳಬಹುದು. ಆಮ್ಲ ಹೆಚ್ಚು ಹೊತ್ತು ಬಿಡುವುದು, ಮೇಲ್ಪದರ ತುಸು ಉಜ್ಜುವುದು, ಬೇರೆ ಅಂಟು ಬಳಸುವುದು ಹೀಗೆ ದಾರಿಗಳಿವೆ. ‘ನನ್ನ ಹಲ್ಲಿಗೆ ಏನು ಮಾಡ್ತೀರಿ?’ ಎಂದು ಮೊದಲೇ ಕೇಳಿ. ಕ್ಲಿಪ್ ಹಲ್ಲನ್ನು ಸಾಲಿಗೆ ತರುತ್ತದೆ, ಕಲೆ ತೆಗೆಯುವುದಿಲ್ಲ. ಅದಕ್ಕೆ ಆಮೇಲೆ ಬೇರೆ ಚಿಕಿತ್ಸೆ ಬೇಕು.

ಯಾರ ಹತ್ತಿರ, ಯಾವುದು

ಬಿಡಿಎಸ್ (ದಂತ ವೈದ್ಯ ಪದವಿ) ಆದ ಮೇಲೆ ಮೂರು ವರ್ಷ, ಹಲ್ಲನ್ನು ಸಾಲಿಗೆ ತರುವ ವಿಭಾಗವಾದ ಆರ್ಥೊಡಾಂಟಿಕ್ಸ್‌ನಲ್ಲಿ ಎಂಡಿಎಸ್ (ಸ್ನಾತಕೋತ್ತರ ಪದವಿ) ಮಾಡಿದವರನ್ನೇ ಹುಡುಕಿ. ದಾವಣಗೆರೆಯಲ್ಲಿ ಬಾಪೂಜಿ ದಂತ ಕಾಲೇಜು ಮತ್ತು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಇವೆ, ಚಿತ್ರದುರ್ಗದಲ್ಲಿ ಎಸ್‌ಜೆಎಂ ದಂತ ಕಾಲೇಜು ಇದೆ. ಕಾಲೇಜು ಆಸ್ಪತ್ರೆಗಳಲ್ಲಿ ಖರ್ಚು ಸಾಮಾನ್ಯವಾಗಿ ಕಡಿಮೆ, ಕಾಯುವುದು ಜಾಸ್ತಿ. ಪಿಜಿ ವಿದ್ಯಾರ್ಥಿ ನೋಡುತ್ತಿದ್ದರೆ ಅವರ ಕೋರ್ಸ್ ಯಾವಾಗ ಮುಗಿಯುತ್ತದೆ, ಆಮೇಲೆ ನಿಮ್ಮನ್ನು ಯಾರು ನೋಡುತ್ತಾರೆ ಎಂದು ಕೇಳಿಕೊಳ್ಳಿ.

ಎರಡೂ ದವಡೆಯ ಎಕ್ಸ್‌ರೇ, ಮುಖದ ಪಕ್ಕದಿಂದ ತೆಗೆದ ಎಕ್ಸ್‌ರೇ, ಫೋಟೋ, ಹಲ್ಲಿನ ಅಚ್ಚು ಅಥವಾ ಸ್ಕ್ಯಾನ್ ಇಷ್ಟೂ ಆಗಬೇಕು. ಇವ್ಯಾವನ್ನೂ ನೋಡದೆ ಅವತ್ತೇ ಕ್ಲಿಪ್ ಅಂಟಿಸುತ್ತೇವೆ ಎಂದರೆ ಎದ್ದು ಬನ್ನಿ. ಜಾಗ ಸಾಲದಿದ್ದರೆ ಕೋರೆಹಲ್ಲಿನ ಹಿಂದಿನ ಹಲ್ಲು ಕೀಳಿಸಬೇಕಾಗಬಹುದು. ಯಾಕೆ ಬೇಕು, ಬೇರೆ ದಾರಿ ಇದೆಯಾ ಎಂದು ಕೇಳಲು ಸಂಕೋಚ ಬೇಡ.

ಲೋಹದ ಕ್ಲಿಪ್ ಗಟ್ಟಿ, ಅಗ್ಗ. ಸೆರಾಮಿಕ್ ಅಷ್ಟಾಗಿ ಎದ್ದು ಕಾಣುವುದಿಲ್ಲ. ಪಾರದರ್ಶಕ ಅಲೈನರ್ (ಹಲ್ಲಿನ ಮೇಲೆ ಹಾಕಿ ತೆಗೆಯುವ ಪ್ಲಾಸ್ಟಿಕ್ ಕವಚ) ಕಾಣುವುದು ಇನ್ನೂ ಕಡಿಮೆ. ಆದರೆ ಅದನ್ನು ದಿನಕ್ಕೆ 20ರಿಂದ 22 ಗಂಟೆ ಹಾಕಿಕೊಂಡೇ ಇರಬೇಕು. ತಿನ್ನುವಾಗ, ಟೀ ಕುಡಿಯುವಾಗ ತೆಗೆಯಬೇಕಾದ್ದರಿಂದ ಗಂಟೆಗೊಂದು ಟೀ ಕುಡಿಯುವವರಿಗೆ ಅದು ಕಷ್ಟ, ಅಂಥವರು ಲೋಹ ಅಥವಾ ಸೆರಾಮಿಕ್ ಆರಿಸಿಕೊಳ್ಳುವುದೇ ಮೇಲು. ಅಲೈನರನ್ನು ಆನ್‌ಲೈನಿನಲ್ಲಿ ತರಿಸಿ ವೈದ್ಯರಿಲ್ಲದೆ ಹಾಕಿಕೊಳ್ಳುವುದು ಮಾತ್ರ ಬೇಡವೇ ಬೇಡ.

ಹಾಕಿಸಿದ ಮೇಲೆ

ಮೊದಲ ಮೂರ್ನಾಲ್ಕು ದಿನ ನೋವಿರುತ್ತದೆ. ಗಂಜಿ, ಮೊಸರನ್ನ, ಮೆತ್ತನೆಯ ಮುದ್ದೆ ಇದ್ದರೆ ಕಳೆಯುತ್ತದೆ. ವೈರ್ ಕೆನ್ನೆಗೆ ಚುಚ್ಚಿದರೆ ಆ ಜಾಗ ಒರೆಸಿ, ಕ್ಲಿನಿಕ್‌ನಲ್ಲಿ ಕೊಟ್ಟ ಮೇಣವನ್ನು ಬಟಾಣಿಯಷ್ಟು ಉಂಡೆ ಮಾಡಿ ಒತ್ತಿ. ಬೆಣ್ಣೆ ದೋಸೆ ಬಿಡಬೇಕಾಗಿಲ್ಲ, ಚೂರು ಮಾಡಿಕೊಂಡು ಚಟ್ನಿಯಲ್ಲಿ ನೆನೆಸಿ ತಿನ್ನಿ. ಮಿರ್ಚಿ ಕೂಡ ಪರವಾಗಿಲ್ಲ. ಮಂಡಕ್ಕಿಯಲ್ಲಿ ಬರುವ ಶೇಂಗಾ, ಹುರಿಗಡಲೆ ಆರಿಸಿ ಪಕ್ಕಕ್ಕಿಡಿ, ಬ್ರಾಕೆಟ್ ಕಳಚುವುದು ಇಂಥ ಗಟ್ಟಿ ಕಾಳಿಗೇ. ಅಡಿಕೆ, ಕಬ್ಬು ಬೇಡ.

ಪ್ರತಿ ಊಟದ ನಂತರ ಉಜ್ಜಬೇಕು. ವೈರಿನ ಕೆಳಗೆ ತೂರಿಸುವ ಸಣ್ಣ ಬ್ರಷ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಆಫೀಸ್ ಬ್ಯಾಗಿನಲ್ಲಿ ಒಂದು ಇರಲಿ. ನಾಲ್ಕರಿಂದ ಆರು ವಾರಕ್ಕೊಮ್ಮೆ ತೋರಿಸಬೇಕು. ಒಟ್ಟು ಒಂದೂವರೆಯಿಂದ ಎರಡೂವರೆ ವರ್ಷ ಬೇಕಾಗಬಹುದು. ಊರಿಂದ ಬಸ್ಸಿನಲ್ಲಿ ಬಂದು ಹೋಗುವವರು ಈ ಓಡಾಟವನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಲ್ವಾ.

ಕ್ಲಿಪ್ ಬಿಚ್ಚಿದ ದಿನ ಚಿಕಿತ್ಸೆ ಮುಗಿಯಿತು ಎಂದುಕೊಳ್ಳಬೇಡಿ. ಹಲ್ಲು ಹಳೆಯ ಜಾಗಕ್ಕೆ ಮರಳಲು ನೋಡುತ್ತದೆ, ಮೂಳೆ ಸವೆದವರಲ್ಲಂತೂ ಇನ್ನೂ ಬೇಗ. ಅದಕ್ಕೇ ರಿಟೇನರ್, ಅಂದರೆ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ, ಹಾಕಿ ತೆಗೆಯುವ ಸಾಧನ. ಮೊದಲ ತಿಂಗಳುಗಳಲ್ಲಿ ಹೆಚ್ಚು ಹೊತ್ತು, ಆಮೇಲೆ ರಾತ್ರಿ ಮಾತ್ರ, ಆದರೆ ವರ್ಷಗಟ್ಟಲೆ ಹಾಕಿಕೊಳ್ಳಬೇಕು. ಬಿಸಿನೀರಿನಲ್ಲಿ ತೊಳೆಯಬೇಡಿ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಮದುವೆ ಊಟಕ್ಕೆ ಕೂತಾಗ ತೆಗೆದು ಕಾಗದದಲ್ಲಿ ಸುತ್ತಿ ಎಲೆ ಪಕ್ಕ ಇಡಬೇಡಿ, ಎಲೆ ಎತ್ತುವವರು ಅದನ್ನೂ ಎತ್ತಿಬಿಡುತ್ತಾರೆ. ಡಬ್ಬಿಯಲ್ಲಿ ಹಾಕಿ ಜೇಬಿಗೋ ಬ್ಯಾಗಿಗೋ ಸೇರಿಸಿ.